ಬೂತಪ್ಪನ ಹೆಬ್ಬೆಟ್ಟು

ಬೂತಪ್ಪ: ನಾನು ಹೇಳಿದ್ದೊಂದು, ನೀನು ಕೊಟ್ಟಿದ್ದೊಂದು. ತಗೋ ಮಾರಾಯ, ನಿನ್ನ ಜಾಯಿಂಟು ನೀನೇ ಇಟ್ಕೋ.

ಶಶಿಕಿರಣ್: ನಾನು ಕೊಟ್ಟಿದ್ದು ಅರ್ಧ ಇಂಚಿಂದು ಬೂತಪ್ಪಣ್ಣ. ನೀವೇ ಅದು ಬೇಡ ಅಂತ ಒಂದು ಇಂಚಿಂದು ಆರಿಸ್ಕೊಂಡು ಹೋಗಿದ್ದು.

ಬೂತಪ್ಪ: ಆರಿಸ್ಕೊಂಡೆ, ಹೌದು. ಇಲ್ಲಿ ನೋಡುವಾಗ ಸರಿಯಾಗೇ ಇತ್ತು. ಮನೆಗೆ ತಗೊಂಡು ಹೋದ್ರೆ ಲೊಡಲೊಡ ಅಂತದೆ.

ಶಶಿಕಿರಣ್: ದಾರೀಲಿ ದೊಡ್ಡದಾಗಿರ್ಲಿಕ್ಕಿಲ್ಲ.

ಬೂತಪ್ಪ: ನಾನೂ ಅದನ್ನೇ ಯೋಚನೆ ಮಾಡ್ತಾ ಬಂದೆ.

ನರಸಿಂಹರಾಜಪುರದ ಬಸ್ ನಿಲ್ದಾಣದ ಎದುರಿಗೇ ಶಶಿಕಿರಣನ ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಹನ್ನೆರಡು ಗಂಟೆಯೊಳಗೆ ಬೂತಪ್ಪ ಅಲ್ಲಿಗೆ ಬಂದದ್ದು ಇದು ನಾಲ್ಕನೇ ಸಲ. ತಮ್ಮೂರು ಕಡಹಿನಬೈಲಿನಿಂದ ಬರುವುದು, ಹೋಗುವುದು, ಮತ್ತೆ ಬರುವುದು. ಮೊದಲನೇ ಸಲ ಬಂದದ್ದು ಬಚ್ಚಲುಮನೆಯ ನಲ್ಲಿಗೆ ಒಂದು ವಾಷರ್ ಬೇಕೆಂದು. ಎರಡನೇ ಸಲ ಬಂದಾಗ, ನಲ್ಲಿ ಕಿತ್ತು ಗೋಡೆಯ ಪೈಪಿನ ತುದಿಯೂ ಮುರಿದಿದ್ದರಿಂದ, ನಲ್ಲಿಯೇ ಬೇಕಾಗಿತ್ತು, ಜೊತೆಗೆ ಒಂದು ತುಂಡು ಪೈಪು, ಆ ತುಂಡನ್ನು ಗೋಡೆಯ ಪೈಪಿಗೆ ಸೇರಿಸಲು ಒಂದು ಜಾಯಿಂಟು. ಆಗ ಶಶಿಕಿರಣ್ ಕೊಟ್ಟ ಅರ್ಧ ಇಂಚಿನದು ಬೇಡವೆಂದು ಮುಕ್ಕಾಲು ಇಂಚಿನದು ಒಯ್ದರು. ಮೂರನೇ ಸಲ ಅದನ್ನು ಹಿಂದಿರುಗಿಸಿ ಒಂದು ಇಂಚಿನದು ಒಯ್ದರು. ಈಗ ಅದೂ ಮೇಜಿನ ಮೇಲೆ ಬಂದು ಕೂತಿದೆ.

ಶಶಿಕಿರಣ್ ನಗುವ ಜಾತಿಯವನಲ್ಲ. ಮನೆಯ ರಿಪೇರಿ ತಾವೇ ಮಾಡಿಕೊಳ್ಳುವವರನ್ನು ನೋಡಿ ನಗುವವನಾಗಿದ್ದರೆ ಅವನ ಅಂಗಡಿ ಎಂದೋ ಮುಚ್ಚಿ ಹೋಗುತ್ತಿತ್ತು. ಬೂತಪ್ಪ ಬಲಗೈಗೆ ಟವೆಲ್ ಸುತ್ತಿಕೊಂಡಿರುವುದನ್ನೂ ಅವನು ಬೆಳಿಗ್ಗೆಯೇ ನೋಡಿದ್ದ, ಕೇಳಿರಲಿಲ್ಲ. ಅವನ ಗಿರಾಕಿಗಳಲ್ಲಿ ಅರ್ಧ ಜನ ಕೈಗೆ ಏನಾದರೂ ಸುತ್ತಿಕೊಂಡೇ ಬರುವವರು.

ಶಶಿಕಿರಣ್: ಈಗ ನೀರು ಹ್ಯಾಂಗೆ ನಿಲ್ಲಿಸಿದೀರಿ?

ಬೂತಪ್ಪ: ನಿಲ್ಲಿಸೋದೆಂತ ಬಂತು? ಟ್ಯಾಂಕಲ್ಲಿ ಇದ್ದದ್ದೆಲ್ಲ ಹೋದ ಮೇಲೆ ಅದೇ ನಿಂತ್ಕೊಂಡ್ತು.

ಶಶಿಕಿರಣ್: ಒಂದು ಟ್ಯಾಂಕ್ ನೀರಾ?

ಬೂತಪ್ಪ: ದಂಡ ಆಗಿಲ್ಲ. ಬಚ್ಚಲ ಹಿಂದೆ ತೆಂಗಿನ ಮರ ಇದೆ.

ಶಶಿಕಿರಣ್: ಲೋಕೇಶ ಇಲ್ಲೇ ಪೇಟೇಲಿ ಇದಾನೆ. ಒಂದು ಫೋನ್ ಮಾಡ್ಲಾ? ಅರ್ಧ ಗಂಟೆ ಕೆಲಸ ಅವನಿಗೆ.

ಬೂತಪ್ಪ: ಅವನ ಹೆಸರು ಎತ್ತಬೇಡ ನೀನು!

ಪ್ಲಂಬರ್ ಲೋಕೇಶ ಬೂತಪ್ಪನಿಗೆ ಯಾವ ಅನ್ಯಾಯವನ್ನೂ ಮಾಡಿದವನಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ಎರಡು ತಿಂಗಳ ಹಿಂದೆ ಮನೆಯ ಮಿಕ್ಸಿ ಕರಕರ ಸದ್ದು ಮಾಡುತ್ತಿತ್ತು. ಬೂತಪ್ಪ ಒಂದು ಭಾನುವಾರವಿಡೀ ಕೂತು ಆ ಸದ್ದನ್ನು ನಿಲ್ಲಿಸಿದರು. ಅಂದಿನಿಂದ ಮಿಕ್ಸಿ ಯಾವ ಸದ್ದನ್ನೂ ಮಾಡಿಲ್ಲ. ಅವರ ಹೆಂಡತಿ ಸೀತಕ್ಕ ಆ ದಿನವೇ ತೀರ್ಪು ಕೊಟ್ಟುಬಿಟ್ಟರು: ಇನ್ನೊಂದು ಸಲ ಈ ಮನೆಯಲ್ಲಿ ಏನನ್ನಾದರೂ ಬಿಚ್ಚಿದರೆ, ನಿಮ್ಮ ಪೆಟ್ಟಿಗೆ ಲೋಕೇಶನ ಮನೆಗೆ ಹೋಗುತ್ತದೆ.

ಪೆಟ್ಟಿಗೆ ಎಂದರೆ ಹಲಸಿನ ಮರದ ಪೆಟ್ಟಿಗೆ. ಬೂತಪ್ಪನ ಅಪ್ಪನದು. ಸುತ್ತಿಗೆ, ಉಳಿ, ಪಾನಾ, ಇಕ್ಕಳ, ಯಾವುದಕ್ಕೂ ಸೇರದ ಸ್ಕ್ರೂಗಳು, ಎಲ್ಲ ಅದರಲ್ಲಿದ್ದವು. ಬೂತಪ್ಪನಿಗೆ ಜಮೀನಿನ ಪತ್ರ ಎಲ್ಲಿದೆ ಎಂದು ಕೇಳಿದರೆ ಹುಡುಕಬೇಕು, ಆ ಪೆಟ್ಟಿಗೆಯ ಕೀ ಮಾತ್ರ ಸದಾ ಉಡಿದಾರದಲ್ಲೇ ಇರುತ್ತಿತ್ತು.

ಬೂತಪ್ಪ: ಒಂದು ಗಂಟೆ ಬಸ್ಸಿಗೆ ಅವಳು ಬರ್ತಾಳೆ. ಬೇಗಾರಿಂದ. ಅವಳ ಅಕ್ಕನ ಮಗಳು ಅರ್ಪಿತನ ಬಾಣಂತನಕ್ಕೆ ಹೋಗಿ ಹತ್ತು ದಿನ ಆಯ್ತು. ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಎಂತ ಹೇಳಿದ್ಲು ಗೊತ್ತಾ? 'ಬಚ್ಚಲ ನಲ್ಲಿ ತೊಟ್ಟಿಕ್ಕಿದ್ರೆ ತೊಟ್ಟಿಕ್ಲಿ, ಮುಟ್ಟಬೇಡಿ' ಅಂತ. ಬಸ್ಸಲ್ಲಿದ್ದವರಿಗೆಲ್ಲ ಕೇಳೋ ಹಂಗೆ.

ಶಶಿಕಿರಣ್: ಮುಟ್ಟಿದ್ರಲ್ಲ.

ಬೂತಪ್ಪ: ಒಂಬತ್ತು ದಿನ ಮುಟ್ಟಿಲ್ಲ! ಅದನ್ನ ಯಾರೂ ಹೇಳೋದಿಲ್ಲ. ಒಂಬತ್ತು ರಾತ್ರಿ ಅದು ಟೊಪ್ ಟೊಪ್ ಅಂತ ಬೀಳೋದು ಕೇಳ್ತಾ ಮಲಗಿದೀನಿ ಮಾರಾಯ. ಇವತ್ತು ಬರ್ತಾಳಲ್ಲ, ಬಂದ ಕೂಡ್ಲೆ ನಲ್ಲಿ ಸುಮ್ಮನೆ ಇರೋದು ನೋಡಿ ಖುಷಿಪಡ್ಲಿ ಅಂತ ಕೈ ಹಾಕಿದೆ.

ಶಶಿಕಿರಣ್: ಈಗ ಸುಮ್ಮನೆ ಇದೆಯಲ್ಲ.

ಬೂತಪ್ಪ: ನಲ್ಲಿ ನನ್ನ ಸ್ಕೂಟರಿನ ಡಿಕ್ಕೀಲಿ ಇದೆ.

ಗಡಿಯಾರ ಹನ್ನೆರಡೂ ಕಾಲು ತೋರಿಸುತ್ತಿತ್ತು. ಬೂತಪ್ಪನಿಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು. ಅಪ್ಪನ ಪೆಟ್ಟಿಗೆಯನ್ನು ಲೋಕೇಶ ತನ್ನ ಬೈಕಿನ ಹಿಂದೆ ಹಗ್ಗದಲ್ಲಿ ಕಟ್ಟಿಕೊಂಡು ಹೋಗುವುದು ಕಣ್ಣಿಗೆ ಕಟ್ಟುತ್ತಿತ್ತು.

ಶಶಿಕಿರಣ್: ಒಂದು ಕೇಳ್ಲಾ? ಗೋಡೆ ಪೈಪಿನ ಅಳತೆ ಎಂತದ್ರಲ್ಲಿ ತಗೊಂಡ್ರಿ?

ಬೂತಪ್ಪ: ಎಂತದ್ರಲ್ಲಿ ಅಂದ್ರೆ? ಹೆಬ್ಬೆಟ್ಟಲ್ಲಿ.

ಶಶಿಕಿರಣ್: ಟೇಪು ಇಲ್ವಾ ಮನೇಲಿ?

ಬೂತಪ್ಪ: ಟೇಪು ಎಳೆದ್ರೆ ಬರ್ತದೆ, ಬಿಟ್ರೆ ಒಳಗೆ ಹೋಗ್ತದೆ. ಅಂಥದ್ದನ್ನ ನಂಬೋದು ಹ್ಯಾಂಗೆ? ನನ್ನ ಹೆಬ್ಬೆಟ್ಟು ಅರವತ್ತು ವರ್ಷದಿಂದ ಅಷ್ಟೇ ಇದೆ.

ಶಶಿಕಿರಣ್: ಹುಟ್ಟಿದಾಗಿಂದ?

ಬೂತಪ್ಪ: ಬುದ್ಧಿ ಬಂದಾಗಿಂದ ಅಂತ ಇಟ್ಕೋ. ಕೊಟ್ಟಿಗೆ ಕಟ್ಟಿಸಿದ್ದು ನನ್ನ ಮೊಳದಲ್ಲಿ. ಬಾಗಿಲಿನ ಅಗಳಿ ಮಾಡ್ಸಿದ್ದು ನನ್ನ ಗೇಣಲ್ಲಿ. ಒಂದಾದ್ರೂ ಹೆಚ್ಚುಕಮ್ಮಿ ಆಗಿದ್ದು ಉಂಟಾ? ಬೆಳಿಗ್ಗೆ ಪೈಪಿಗೆ ಹೆಬ್ಬೆಟ್ಟು ಹಿಡಿದು ನೋಡಿದೆ. ಸಮಾ ನನ್ನ ಹೆಬ್ಬೆಟ್ಟಿನ ದಪ್ಪ. ಅಂದ್ರೆ ಹೆಬ್ಬೆಟ್ಟು ಯಾವ ಜಾಯಿಂಟಿನೊಳಗೆ ಸರಿಯಾಗಿ ಕೂತ್ಕೊಳ್ತದೋ ಅದೇ ಜಾಯಿಂಟು. ಲೆಕ್ಕ ಸರಿ ಇದೆಯಾ ಇಲ್ವಾ?

ಶಶಿಕಿರಣ್: ಲೆಕ್ಕ ಸರಿ ಇದೆ. ಮುರಿದ ತುಂಡೇ ಸ್ಯಾಂಪಲ್ಲಿಗೆ ತಂದಿದ್ರೆ ಇನ್ನೂ ಸರಿ ಇತ್ತು.

ಬೂತಪ್ಪ: ಸ್ಯಾಂಪಲ್ಲು ಕೈಯಲ್ಲೇ ಇರುವಾಗ ತುಂಡೆಂತಕ್ಕೆ?

ಶಶಿಕಿರಣ್: ಮತ್ತೆ ಲೊಡಲೊಡ ಎಂತಕ್ಕೆ ಆಗ್ತದೆ?

ಬೂತಪ್ಪ ಅಂಗಡಿಯೊಳಗೆ ಬೇರೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಮೇಜಿನ ಮೇಲೆ ಬಾಗಿದರು. ಈ ವಿಷಯವನ್ನು ಅವರು ದಾರಿಯುದ್ದಕ್ಕೂ ಯೋಚಿಸಿ, ಒಂದು ತೀರ್ಮಾನಕ್ಕೆ ಬಂದಿದ್ದರು.

ಬೂತಪ್ಪ: ಪೈಪು ಇಳಿದಿದೆ.

ಶಶಿಕಿರಣ್: ಎಲ್ಲಿಗೆ?

ಬೂತಪ್ಪ: ಎಲ್ಲಿಗೂ ಅಲ್ಲ, ಸಣ್ಣ ಆಗಿದೆ. ಅಲ್ಲಾ, ಹದಿನೈದು ವರ್ಷ ಒಳಗೆ ನೀರು ತುಂಬ್ಕೊಂಡೇ ಇದ್ದ ಪೈಪು ಅದು. ಇವತ್ತು ಮೊದಲನೇ ಸಲ ಒಣಗಿದೆ. ಹಸಿ ಅಡಿಕೆ ಒಣಗಿದ್ರೆ ಎಷ್ಟಾಗ್ತದೆ ನೀನೇ ಹೇಳು.

ಶಶಿಕಿರಣ್: ಅದು ಅಡಿಕೆ ಬೂತಪ್ಪಣ್ಣ. ಇದು ಪ್ಲಾಸ್ಟಿಕ್ಕು.

ಬೂತಪ್ಪ: ಬಿಸಿಲು ಅಡಿಕೇನ, ಪ್ಲಾಸ್ಟಿಕ್ಕನ ಅಂತ ಕೇಳ್ಕೊಂಡು ಬೀಳ್ತದಾ?

ಶಶಿಕಿರಣ್: ಪೈಪು ಗೋಡೆ ಒಳಗಿದೆ.

ಬೂತಪ್ಪ ಮೇಜಿನ ಮೇಲಿದ್ದ ಜಾಯಿಂಟನ್ನು ಎತ್ತಿ, ಅದರ ತೂತಿನೊಳಗಿಂದ ಬೀದಿಯನ್ನು ನೋಡಿದರು.

ಶಶಿಕಿರಣ್: ಮೂರು ಸಲ ಮನೆಗೆ ಹೋದ್ರಲ್ಲ, ಪೈಪನ್ನ ಇನ್ನೊಂದು ಸಲ ಅಳೆದು ನೋಡಿದ್ರಾ?

ಬೂತಪ್ಪ: ಒಂದು ಸಲ ಅಳೆದದ್ದನ್ನ ಮತ್ತೆ ಅಳೆಯೋ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ. ನಂಬಿಕೆ ಇಲ್ಲದವರು ಹಂಗೆ ಮಾಡ್ತಾರೆ.

ಶಶಿಕಿರಣ್: ಹಂಗಾರೆ ನನ್ನೆದುರಿಗೆ ಒಂದು ಸಲ ಜಾಯಿಂಟು ಅಳೀರಿ. ಬೆಳಿಗ್ಗೆ ಎರಡೂ ಸಲ ನೀವು ಆಚೆ ತಿರುಗಿ ಅಳೆದ್ರಿ.

ಬೂತಪ್ಪ: ಅದು ನನ್ನ ಅಭ್ಯಾಸ.

ಶಶಿಕಿರಣ್: ಟವೆಲ್ ತೆಗೀರಿ.

ಬೂತಪ್ಪ: ಟವೆಲ್ಲಿಗೂ ಪೈಪಿಗೂ ಎಂತ ಸಂಬಂಧ?

ಶಶಿಕಿರಣ್ ಕೈಚಾಚಿಕೊಂಡು ನಿಂತ. ಬೂತಪ್ಪ ಬೀದಿಯತ್ತ ನೋಡಿದರು, ಗಡಿಯಾರದತ್ತ ನೋಡಿದರು, ಕೊನೆಗೆ ಟವೆಲ್ ಬಿಚ್ಚಿದರು. ಬಲಗೈಯ ಹೆಬ್ಬೆರಳು ಎಳೆ ಬದನೆಕಾಯಿಯಂತೆ ಊದಿಕೊಂಡು, ಬಣ್ಣವೂ ಹೆಚ್ಚುಕಡಿಮೆ ಅದರದ್ದೇ ಆಗಿತ್ತು.

ಶಶಿಕಿರಣ್: ಇದೆಂತದು?

ಬೂತಪ್ಪ: ಎಂತ ಇಲ್ಲ. ಸುತ್ತಿಗೆ.

ಶಶಿಕಿರಣ್: ಯಾವಾಗ?

ಬೂತಪ್ಪ: ಬೆಳಿಗ್ಗೆ. ಗೋಡೇಲಿ ಉಳಿದ ಚೂರು ತೆಗೀಲಿಕ್ಕೆ ಒಂದು ಏಟು ಹಾಕಿದೆ. ಚೂರು ಜಾರ್ಕೊಳ್ತು. ಆಗಿಂದ ಗಂಟೆಗಂಟೆಗೂ ಊದ್ತಾನೇ ಇದೆ. ನೀನು ಇದನ್ನೆಲ್ಲ ಸೀತಂಗೆ ಹೇಳ್ಬೇಡ.

ಶಶಿಕಿರಣ್: ಏಟು ಬಿದ್ದಿದ್ದು ಪೈಪಿನ ಅಳತೆ ತಗೊಳೋ ಮುಂಚೆಯಾ, ಆಮೇಲಾ?

ಬೂತಪ್ಪ: ಆಮೇಲೆ.

ಶಶಿಕಿರಣ್: ಜಾಯಿಂಟು ತಗೊಳ್ಲಿಕ್ಕೆ ಅಂಗಡಿಗೆ ಬರೋ ಮುಂಚೆ?

ಬೂತಪ್ಪ: ಮುಂಚೆ.

ಶಶಿಕಿರಣ್ ಹಿಂದೆ ತಿರುಗಿ, ಡಬ್ಬದಿಂದ ಅರ್ಧ ಇಂಚಿನ ಜಾಯಿಂಟೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಬೆಳಿಗ್ಗೆ ಅವನು ಮೊದಲು ಕೊಟ್ಟದ್ದೂ ಅದೇ.

ಶಶಿಕಿರಣ್: ಎಡಗೈದು ಹಾಕಿ ನೋಡಿ.

ಎಡಗೈಯ ಹೆಬ್ಬೆರಳು ಜಾಯಿಂಟಿನೊಳಗೆ ಅಳೆದು ಮಾಡಿಸಿದಂತೆ ಕೂತಿತು. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು.

ಬೂತಪ್ಪ: ಎಡಗೈದು ಯಾವಾಗ್ಲೂ ಸ್ವಲ್ಪ ಸಣ್ಣ ಇರ್ತದೆ.

ಶಶಿಕಿರಣ್: ಬೂತಪ್ಪಣ್ಣ.

ಬೂತಪ್ಪ: ಹಂಗಾರೆ ಪೈಪು ಸರಿ ಇದೆ.

ಶಶಿಕಿರಣ್: ಸರಿ ಇದೆ.

ಬೂತಪ್ಪ: ನಿನ್ನ ಜಾಯಿಂಟೂ ಸರಿ ಇತ್ತು.

ಶಶಿಕಿರಣ್: ಇತ್ತು.

ಬೂತಪ್ಪ: ನನ್ನ ಅಳತೇನೂ ಸರಿ ಇತ್ತು. ತಪ್ಪಿದ್ದು ಸುತ್ತಿಗೆ.

ಶಶಿಕಿರಣ್: ಹಂಗೇ ಇಟ್ಕೊಳಣ. ಈಗ ಈ ಜಾಯಿಂಟು, ಈ ಗಮ್ಮು ತಗೊಂಡು ಹೊರಡಿ. ಬಸ್ಸು ಬರೋದ್ರೊಳಗೆ ಆಗ್ತದೆ. ಸುತ್ತಿಗೆ ಮುಟ್ಟಬೇಡಿ.

ಬೂತಪ್ಪನಿಗೆ ಹೋದ ಜೀವ ಬಂದಂತಾಯಿತು. ಪೆಟ್ಟಿಗೆ ಉಳಿಯಿತು ಎಂದುಕೊಂಡು ಮೇಜಿನ ಮೇಲಿದ್ದುದನ್ನೆಲ್ಲ ಟವೆಲ್ಲಿಗೆ ಬಾಚಿಕೊಳ್ಳುತ್ತಾ ಹೊರಗೆ ನೋಡಿದರು. ಹಾರ್ನ್ ಹೊಡೆದ ಬಸ್ಸು ಬೇಗಾರಿನಿಂದ ಕೊಪ್ಪದ ಮೇಲೆ ಬಂದದ್ದು. ಅದರ ಮುಂದಿನ ಬಾಗಿಲಿನಿಂದ ಒಂದು ಕೈಚೀಲ ಇಳಿಯಿತು, ಆಮೇಲೆ ಒಂದು ಹಲಸಿನ ಹಪ್ಪಳದ ಕಟ್ಟು ಇಳಿಯಿತು, ಆಮೇಲೆ ಸೀತಕ್ಕ ಇಳಿದರು. ಇಳಿದವರು ಆಟೋದ ಕಡೆಗೆ ಹೋಗದೆ ನೆಟ್ಟಗೆ ಅಂಗಡಿಯ ಕಡೆಗೇ ಬರತೊಡಗಿದರು.

ಬೂತಪ್ಪ: ಒಂದು ಗಂಟೆ ಬಸ್ಸಲ್ವನಾ!

ಶಶಿಕಿರಣ್: ಅದರ ಮುಂಚಿಂದು ಸಿಕ್ಕಿರ್ಬೇಕು.

ಬೂತಪ್ಪ: ನಾನಿಲ್ಲ!

ಅಂಗಡಿಯ ಮೂಲೆಯಲ್ಲಿ ಮಾರಾಟಕ್ಕಿಟ್ಟಿದ್ದ ಸಾವಿರ ಲೀಟರಿನ ಕಪ್ಪು ನೀರಿನ ಟ್ಯಾಂಕೊಂದಿತ್ತು. ಅರವತ್ತು ದಾಟಿದ ಬೂತಪ್ಪ ಅದರ ಹಿಂದೆ ಮರೆಯಾದ ವೇಗವನ್ನು ಶಶಿಕಿರಣ್ ಮನಸ್ಸಿನಲ್ಲೇ ಮೆಚ್ಚಿಕೊಂಡ.

ಸೀತಕ್ಕ: ಆರಾಮಾ ಶಶಿ? ಅರ್ಧ ಇಂಚಿಂದು ಒಂದು ನಲ್ಲಿ ಕೊಡು. ಮತ್ತೆ ಆ ಬಿಳಿ ಟೇಪು, ನಲ್ಲಿಯ ತಿರುಪಿಗೆ ಸುತ್ತೋದು. ಎರಡು ವಾಷರೂ ಇರ್ಲಿ.

ಶಶಿಕಿರಣ್: ಯಾರಿಗೆ ಸೀತಕ್ಕ?

ಸೀತಕ್ಕ: ನಮ್ಮನೆಗೇಯ. ಬಚ್ಚಲ ನಲ್ಲಿ ತೊಟ್ಟಿಕ್ತಾ ಇತ್ತು, ಹಾಕಿಬಿಡ್ತೀನಿ.

ಶಶಿಕಿರಣ್: ಯಾರು ಹಾಕೋದು?

ಸೀತಕ್ಕ: ನಾನು.

ಟ್ಯಾಂಕಿನ ಹಿಂದೆ ಏನೋ ಒಂದು ಕೆಳಗೆ ಬಿದ್ದ ಸದ್ದಾಯಿತು. ಶಶಿಕಿರಣ್ ಒಂದೆರಡು ಸಲ ಕೆಮ್ಮಿದ.

ಸೀತಕ್ಕ: ಬೇಗಾರಿನಲ್ಲಿ ಅರ್ಪಿತನ ಬಚ್ಚಲಲ್ಲೂ ಹಿಂಗೇ ತೊಟ್ಟಿಕ್ತಿತ್ತು. ಮಗೂಗೆ ನೀರು ಹಾಕೋ ಹೊತ್ತು, ಮನೇಲಿ ಗಂಡಸರು ಒಬ್ರೂ ಇಲ್ಲ. ನಾನೇ ಕೈ ಹಾಕಿದೆ. ಕಾಲು ಗಂಟೇಲಿ ಸರಿ ಆಯ್ತು. ಆಮೇಲೆ ಅಡುಗೆಮನೇದೂ ಮಾಡಿದೆ. ಪಕ್ಕದ್ಮನೆ ಕಮಲ ಬಂದು ಕರೆದ್ಲು, ಅವಳ ಮನೇದೂ ಮಾಡಿದೆ.

ಶಶಿಕಿರಣ್: ಎಲ್ಲಿ ಕಲಿತ್ರಿ ಸೀತಕ್ಕ?

ಸೀತಕ್ಕ: ಎಲ್ಲಿ ಅಂದ್ರೆ? ಇವರು ಮಾಡೋದು ನೋಡಿ ನೋಡಿ. ಇವರಾಗಿದ್ರೆ ಮೊದ್ಲು ಎಂತ ಮಾಡ್ತಿದ್ರು ಅಂತ ಯೋಚನೆ ಮಾಡಿದೆ. ಸುತ್ತಿಗೆ ತರ್ತಿದ್ರು. ನಾನು ತರ್ಲಿಲ್ಲ. ಆಮೇಲೆ ನೀರು ಬಂದ್ ಮಾಡದೆ ತಿರುಗಿಸ್ತಿದ್ರು. ನಾನು ನೀರು ಬಂದ್ ಮಾಡಿದೆ. ಬಿಗಿ ಇದ್ರೆ ಬೈದು ಜೋರಾಗಿ ಎಳೀತಿದ್ರು. ನಾನು ಸ್ವಲ್ಪ ಕೊಬ್ಬರಿ ಎಣ್ಣೆ ಬಿಟ್ಟು ಕಾದೆ. ಹಂಗೆ ಇವರು ಮಾಡೋದನ್ನೆಲ್ಲ ಒಂದೊಂದಾಗಿ ಬಿಡ್ತಾ ಬಂದೆ. ಉಳಿದದ್ದು ಮಾಡಿದೆ.

ಶಶಿಕಿರಣ್: ಅಂದ್ರೆ ಗುರುಗಳು ಅವರೇ.

ಸೀತಕ್ಕ: ಅವರೇ. ಅದ್ರಲ್ಲಿ ಎರಡು ಮಾತಿಲ್ಲ. ನೀನು ಮಾತ್ರ ಅವರಿಗೆ ಹೇಳ್ಬೇಡ ಮಾರಾಯ. ಬೇಜಾರು ಮಾಡ್ಕೊಳ್ತಾರೆ. ಅವರು ತೋಟಕ್ಕೆ ಹೋದಾಗ ಸುಮ್ಮನೆ ಹಾಕಿಬಿಟ್ಟು, ತಾನಾಗೇ ನಿಂತಿದೆ ಅಂತೀನಿ.

ಟ್ಯಾಂಕಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತಿದ್ದ ಬೂತಪ್ಪನಿಗೆ ಸಿಟ್ಟು ಮಾಡುವುದೋ, ಅಳುವುದೋ ತಿಳಿಯಲಿಲ್ಲ. ಮದುವೆಯಾದ ಮೂವತ್ತೊಂದು ವರ್ಷದಲ್ಲಿ ತನ್ನನ್ನು ಇಷ್ಟು ಗಮನವಿಟ್ಟು ನೋಡಿದವರು ಇನ್ನೊಬ್ಬರಿಲ್ಲ ಎನ್ನುವುದಂತೂ ನಿಜವಾಗಿತ್ತು. ಅದು ಅವರ ಎದೆಗೆ ತಾಗಿತು. ಹೆಬ್ಬೆರಳು ಬೇರೆ ಸಿಡಿಯುತ್ತಿತ್ತು.

ಶಶಿಕಿರಣ್: ಸೀತಕ್ಕ, ಒಂದು ಜಾಯಿಂಟೂ ಇಟ್ಕೊಳಿ. ಒಂದು ತುಂಡು ಪೈಪೂ.

ಸೀತಕ್ಕ: ಅದೆಂತಕ್ಕೆ? ಪೈಪು ಗಟ್ಟಿ ಇದೆ.

ಶಶಿಕಿರಣ್: ಇತ್ತು.

ಸೀತಕ್ಕ ಚೀಲವನ್ನು ನಿಧಾನವಾಗಿ ಕೆಳಗಿಟ್ಟರು. ಅಂಗಡಿಯ ಮುಂದೆ ನಿಂತಿದ್ದ ಸ್ಕೂಟರನ್ನು ಅವರು ಆಗ ನೋಡಿದರು.

ಸೀತಕ್ಕ: ಇವರ ಸ್ಕೂಟರ್ ಅಲ್ವಾ ಅದು?

ಶಶಿಕಿರಣ್: ಹೌದು.

ಸೀತಕ್ಕ: ಇವರೆಲ್ಲಿ?

ಶಶಿಕಿರಣ್: ಟ್ಯಾಂಕ್ ನೋಡ್ತಾ ಇದಾರೆ.

ಇನ್ನು ಅಡಗಿ ಪ್ರಯೋಜನವಿರಲಿಲ್ಲ. ಬೂತಪ್ಪ ಎದ್ದು, ಟ್ಯಾಂಕಿಗೆ ಎರಡು ಸಲ ಬಡಿದು, ಅದರ ಸದ್ದನ್ನು ಕಿವಿಗೊಟ್ಟು ಕೇಳಿದರು.

ಬೂತಪ್ಪ: ಅಡ್ಡಿಲ್ಲ ಶಶಿ, ಗಟ್ಟಿ ಇದೆ. ಮುಂದೆ ನೋಡಣ. ಓ, ಸೀತಾ! ಬಂದ್ಯಾ?

ಸೀತಕ್ಕ: ಮುಟ್ಟಿದ್ರಾ?

ಬೂತಪ್ಪ: ಮುಟ್ಟಿದ್ದು ಅಂತಲ್ಲ. ಅದೇ ಕೈಗೆ ಬಂತು.

ಸೀತಕ್ಕ: ಕೈ ಎಂತಕ್ಕೆ ಹಿಂದೆ ಇಟ್ಕೊಂಡಿದೀರಿ?

ಬೂತಪ್ಪ: ಅದು ಹಿಂದೇನೇ ಇರೋದು.

ಸೀತಕ್ಕ: ತೋರ್ಸಿ.

ಬೂತಪ್ಪ ಕೈ ಮುಂದೆ ತಂದರು. ಬೈಗುಳ ಬರುವುದೆಂದು ಅವರು ಕಣ್ಣು ಸಣ್ಣ ಮಾಡಿ ಕಾದರೆ, ಬೈಗುಳ ಬರಲಿಲ್ಲ. ಸೀತಕ್ಕನ ಮುಖ ಸಪ್ಪಗಾಯಿತು. ಗಂಡನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಆ ಹೆಬ್ಬೆರಳನ್ನು ತಿರುಗಿಸದೆ ತಾವೇ ಸುತ್ತ ಬಗ್ಗಿ ನೋಡಿದರು.

ಸೀತಕ್ಕ: ಅಯ್ಯಯ್ಯೋ. ನೋವಿದೆಯಾ?

ಬೂತಪ್ಪ: ಇಲ್ಲ.

ಸೀತಕ್ಕ: ಸುಳ್ಳು ಹೇಳ್ಬೇಡಿ.

ಬೂತಪ್ಪ: ಇದೆ.

ಸೀತಕ್ಕ ಬಾಟಲಿಯ ನೀರಿನಲ್ಲಿ ಕರ್ಚೀಫು ಒದ್ದೆ ಮಾಡಿ ಬೆರಳಿಗೆ ಸುತ್ತಿದರು. ಬೂತಪ್ಪನಿಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು.

ಬೂತಪ್ಪ: ಪೆಟ್ಟಿಗೆ ಲೋಕೇಶಂಗೆ ಕೊಟ್ಬಿಡ್ತೀಯಾ?

ಸೀತಕ್ಕ: ನಾನು ಹೇಳಿದ ಮಾತು ಹೇಳಿದ್ದೇ.

ಬೂತಪ್ಪ: ಅಪ್ಪಂದು ಸೀತಾ ಅದು.

ಶಶಿಕಿರಣ್ ತನಗೆ ಕೇಳಿಸಲೇ ಇಲ್ಲವೆಂಬಂತೆ ಮೊಳೆಗಳ ಡಬ್ಬ ಸರಿಮಾಡತೊಡಗಿದ. ಸೀತಕ್ಕ ಗಂಡನ ಮುಖವನ್ನೇ ನೋಡುತ್ತಾ ನಿಂತರು.

ಸೀತಕ್ಕ: ಮಾವಂದು ಅಂತ ನನಗೂ ಗೊತ್ತಿದೆ. ಹೋಗ್ಲಿ, ಲೋಕೇಶಂಗೆ ಎಂತಕ್ಕೆ? ಅವನಿಗೆ ಅವನದ್ದೇ ಬೇಕಾದಷ್ಟು ಇದಾವೆ.

ಬೂತಪ್ಪ: ಹೌದಲ್ವಾ? ನಾನೂ ಅದನ್ನೇ ಹೇಳ್ತಿದ್ದೆ!

ಸೀತಕ್ಕ: ಕೀ ಕೊಡಿ.

ಬೂತಪ್ಪ: ಯಾಕೆ?

ಸೀತಕ್ಕ: ಮನೆಗೆ ಹೋಗಿ ಆ ಪೈಪಿಗೆ ನಾನೇ ಜಾಯಿಂಟು ಹಾಕ್ತೀನಿ. ಇನ್ನು ಮೇಲೆ ಪೆಟ್ಟಿಗೆ ನನ್ನ ಹತ್ರ ಇರ್ತದೆ. ಮೊದ್ಲು ನೀರು ಬಂದ್ ಮಾಡ್ಬೇಕು.

ಬೂತಪ್ಪ: ಅದೊಂದು ನಾನು ಮಾಡಿ ಮುಗಿಸಿದೀನಿ. ಟ್ಯಾಂಕಲ್ಲಿ ಒಂದು ಹನಿ ಇಲ್ಲ.

ಉಡಿದಾರದಿಂದ ಕೀ ಬಿಚ್ಚುವುದು ಎಡಗೈಯೊಂದರಿಂದ ಆಗದೆ ಹೋಯಿತು. ಸೀತಕ್ಕನೇ ಬಿಚ್ಚಿಕೊಂಡು ತಮ್ಮ ಕರಿಮಣಿ ಸರದ ಪಿನ್ನಿಗೆ ಸಿಕ್ಕಿಸಿಕೊಂಡರು. ಅಲ್ಲಿ ಅದು ಮೊದಲಿನಿಂದಲೂ ಇದ್ದ ಹಾಗೆ ಕಾಣುತ್ತಿತ್ತು. ಮನೆಯಿಂದ ಹೊರಗೆ ಹೋಗಲಿಲ್ಲ ಎಂಬ ಸಮಾಧಾನ, ತನ್ನ ಕೈ ಬಿಟ್ಟು ಹೋಯಿತು ಎಂಬ ಸಂಕಟ, ಎರಡೂ ಬೂತಪ್ಪನಿಗೆ ಒಟ್ಟಿಗೇ ಆದವು.

ಬೂತಪ್ಪ: ಮತ್ತೆ ನಾನೆಂತ ಮಾಡ್ಲಿ?

ಸೀತಕ್ಕ: ಟಾರ್ಚ್ ಹಿಡ್ಕೊಂಡು ನಿಲ್ಲಿ.

ಬೂತಪ್ಪ: ಟಾರ್ಚಾ? ಅದೊಂದು ಕೆಲಸನಾ ಮಾರಾ‍ಯ್ತಿ?

ಸೀತಕ್ಕ: ಮೂವತ್ತೊಂದು ವರ್ಷ ನಾನು ಹಿಡಿದಿದೀನಿ, ಒಂದು ದಿನಾನೂ ನಿಮಗೆ ಸರಿ ಕಂಡಿಲ್ಲ. ಇವತ್ತು ನೀವು ಹಿಡೀರಿ. ಹ್ಯಾಂಗೆ ಬೈಯೋದು ಅಂತ ನನಗೆ ಬಾಯಿಪಾಠ ಇದೆ.